ತೆರಿಗೆ ಯಾರಿಂದ, ಆಸರೆ ಯಾರಿಗೆ: ಮುಂಬಯಿ, ಪುಣೆ, ಗೋವಾ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊರನಾಡಿನಲ್ಲಿ ದುಡಿಯುವವರು ತೆರಿಗೆಯ ಪ್ರಶ್ನೆಯನ್ನು ಲೆಕ್ಕಪತ್ರ ನೋಡುವವರ ಬಳಿಗೂ, ಸೌಲಭ್ಯದ ಪ್ರಶ್ನೆಯನ್ನು ಊರಿನ ಪಂಚಾಯಿತಿಗೋ ಇಲ್ಲಿನ ನಗರಸೇವಕರ ಕಚೇರಿಗೋ ಒಯ್ಯುತ್ತಾರೆ. ಹೀಗಾಗಿ ಎರಡೂ ಬೇರೆ ಬೇರೆ ವಿಷಯಗಳೆಂಬ ಭಾವನೆ ಬೇರೂರಿದೆ. ಒಂದು ತೆರಿಗೆ ನ್ಯಾಯವಾದುದೇ ಎಂಬುದನ್ನು ಅದರ ದರ ನೋಡಿ ತೀರ್ಮಾನಿಸಲು ಬರುವುದಿಲ್ಲ, ಆ ಹಣ ಯಾರ ಕಡೆಗೆ ಹರಿಯಿತು ಎಂಬುದನ್ನೂ ನೋಡಬೇಕು ಎಂಬ ನಂಬಿಕೆಯಿಂದ ಈ ಉತ್ತರಗಳನ್ನು ಬರೆಯಲಾಗಿದೆ. ಆದಾಯ ತೆರಿಗೆಯ ಲೆಕ್ಕಗಳೆಲ್ಲ 2025-26ರ ಆರ್ಥಿಕ ವರ್ಷದ ಹೊಸ ಪದ್ಧತಿಯ ದರದಲ್ಲಿವೆ.

ಆದಾಯ ತೆರಿಗೆ ಕಟ್ಟದ ಹೋಟೆಲ್ ಕಾರ್ಮಿಕರನ್ನು ತೆರಿಗೆದಾರರೆಂದು ಕರೆಯುವುದು ಹೇಗೆ?

ಹಾಗೆಯೇ ಕರೆಯಬೇಕು. ಡೊಂಬಿವಲಿಯ ಖೋಲಿಯೊಂದರಲ್ಲಿ ನಾಲ್ಕು ಜನರೊಂದಿಗೆ ವಾಸಿಸುತ್ತಾ ತಿಂಗಳಿಗೆ 15,000 ರೂಪಾಯಿ ಪಗಾರ ಪಡೆಯುವ ಕೆಲಸಗಾರರು 299 ರೂಪಾಯಿಯ ಮೊಬೈಲ್ ರೀಚಾರ್ಜ್ ಮಾಡಿಸಿದರೆ, ಅದರಲ್ಲಿ ಸುಮಾರು 45 ರೂಪಾಯಿ 60 ಪೈಸೆ ಜಿಎಸ್‌ಟಿ ಇರುತ್ತದೆ, ಏಕೆಂದರೆ ಈ ಸೇವೆಯ ಮೇಲಿನ ದರ 18%. ತಿಂಗಳಿಗೆ 3 ಲಕ್ಷ ಸಂಬಳದ ಅಧಿಕಾರಿ ಅದೇ ರೀಚಾರ್ಜ್ ಮಾಡಿಸಿದರೂ ಕಟ್ಟುವುದು ಅಷ್ಟೇ ತೆರಿಗೆ. ಮೊತ್ತ ಒಂದೇ ಆದರೂ ಆದಾಯಕ್ಕೆ ಹೋಲಿಸಿದಾಗ ಮೊದಲನೆಯವರ ಮೇಲಿನ ಭಾರ 20 ಪಟ್ಟು ಹೆಚ್ಚು. ಪರೋಕ್ಷ ತೆರಿಗೆಯ ಸ್ವಭಾವವೇ ಇದು: ಕೊಳ್ಳುವವರ ಆದಾಯವೆಷ್ಟೆಂದು ಅದು ಕೇಳುವುದಿಲ್ಲ.

ಇದನ್ನು ಹದಗೊಳಿಸಲು ಸರ್ಕಾರದ ಕೈಯಲ್ಲಿರುವ ಮುಖ್ಯ ಉಪಾಯವೆಂದರೆ ದಿನಬಳಕೆಯ ವಸ್ತುಗಳ ಮೇಲಿನ ದರವನ್ನು ತಗ್ಗಿಸುವುದು. ಬ್ರಿಟಿಷರ ಕಾಲದಲ್ಲಿ ಬಡವರನ್ನು ಹಿಂಡಿದ ಉಪ್ಪಿನ ಮೇಲೆ ಇಂದು ಜಿಎಸ್‌ಟಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸೋಪು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆಗಳ ದರ 18%ರಿಂದ 5%ಕ್ಕೆ ಇಳಿದಿದೆ, ವ್ಯಕ್ತಿಗತ ಜೀವವಿಮೆ ಮತ್ತು ಆರೋಗ್ಯವಿಮೆಯ ಕಂತಿನ ಮೇಲಿನ ತೆರಿಗೆ ಪೂರ್ತಿ ಹೋಗಿದೆ. ಇವು ಒಳ್ಳೆಯ ಬದಲಾವಣೆಗಳೇ. ಆದರೂ ಕೈಗೆ ಬಂದ ಪಗಾರದಲ್ಲಿ ಬಹುಪಾಲನ್ನು ಖರ್ಚು ಮಾಡಲೇಬೇಕಾದವರು ತಮ್ಮ ಆದಾಯದ ದೊಡ್ಡ ಭಾಗದ ಮೇಲೆ ಈ ತೆರಿಗೆ ಕಟ್ಟುತ್ತಾರೆ. ಅರ್ಧ ಉಳಿಸುವವರು ಆ ಅರ್ಧಕ್ಕೆ ಕಟ್ಟುವುದಿಲ್ಲ.

ಪಗಾರದಲ್ಲಿ ಪ್ರತಿ ತಿಂಗಳು 200 ರೂಪಾಯಿ ಹಿಡಿಯುತ್ತಾರೆ. ಈ ಪ್ರೊಫೆಷನ್ ಟ್ಯಾಕ್ಸ್ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ ಚಿಕ್ಕದಾದರೂ ಇದರ ಹಿಂದಿನ ಕತೆ ದೊಡ್ಡದು, ತೆರಿಗೆಗೂ ಆಸರೆಗೂ ಇರುವ ನಂಟನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಮಹಾರಾಷ್ಟ್ರದಲ್ಲಿ ಮತ್ತೊಂದಿಲ್ಲ.

1970ರ ದಶಕದ ಆರಂಭದಲ್ಲಿ ಮಹಾರಾಷ್ಟ್ರ ಭೀಕರ ಬರಗಾಲಕ್ಕೆ ತುತ್ತಾಯಿತು. ಆಗ ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ವಿ. ಸ. ಪಾಗೆ ಅವರ ಪ್ರಯತ್ನದಿಂದ, ಕೆಲಸ ಕೇಳಿ ಬಂದ ಗ್ರಾಮೀಣ ವಯಸ್ಕರಿಗೆ ಸರ್ಕಾರ ಕೆಲಸ ಕೊಡಲೇಬೇಕೆಂಬ ಉದ್ಯೋಗ ಖಾತರಿ ಯೋಜನೆ ರೂಪುಗೊಂಡಿತು. 1977ರಲ್ಲಿ ಅದು ಕಾಯಿದೆಯಾಗಿ 1979ರ ಜನವರಿ 26ರಂದು ಜಾರಿಗೆ ಬಂತು. ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಮುಖ್ಯವಾದುದು 1975ರ ಪ್ರೊಫೆಷನ್ ಟ್ಯಾಕ್ಸ್ ಕಾಯಿದೆ. ನಗರಗಳಲ್ಲಿ ಖಾಯಂ ಸಂಬಳ ಪಡೆಯುವವರು ಮತ್ತು ವ್ಯಾಪಾರ ಮಾಡುವವರು ತೆರಬೇಕು, ಅಷ್ಟೇ ಮೊತ್ತವನ್ನು ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಸೇರಿಸಬೇಕು, ಕೂಡಿದ ಹಣ ಹಳ್ಳಿಯ ಕೂಲಿಗೆ ಹೋಗಬೇಕು ಎಂಬುದು ಏರ್ಪಾಡು. ಮಾಟುಂಗಾದ ಹೋಟೆಲಿನ ಮಾಲೀಕರೂ ಫೋರ್ಟಿನ ಬ್ಯಾಂಕ್ ಗುಮಾಸ್ತರೂ ತೆತ್ತ ಹಣದಿಂದ ಬರಪೀಡಿತ ತಾಲೂಕುಗಳಲ್ಲಿ ಕೆರೆಯ ಹೂಳೆತ್ತುವ, ಬದು ಹಾಕುವ, ರಸ್ತೆ ಮಾಡುವ ಕೆಲಸಗಳು ನಡೆದವು. ಮಹಾರಾಷ್ಟ್ರದ ಬರಗಾಲದ ಸೀಮೆಯಲ್ಲಿ ಕನ್ನಡವೇ ಮನೆಮಾತಾಗಿರುವ ಜತ್ತ, ಅಕ್ಕಲಕೋಟೆಗಳ ಹಳ್ಳಿಗಳೂ ಸೇರಿವೆ ಎಂಬುದನ್ನು ಮುಂಬಯಿ ಕನ್ನಡಿಗರು ಅಷ್ಟಾಗಿ ನೆನೆಯುವುದಿಲ್ಲ. 2005ರಲ್ಲಿ ದೇಶಕ್ಕೆಲ್ಲ ವರ್ಷಕ್ಕೆ 100 ದಿನಗಳ ಕೆಲಸದ ಖಾತರಿ ಕೊಟ್ಟ ಕೇಂದ್ರದ ಕಾಯಿದೆಗೆ ಈ ಯೋಜನೆಯೇ ಮಾದರಿಯಾಯಿತು. ಅದರ ಬದಲಿಗೆ 2025ರ ಡಿಸೆಂಬರಿನಲ್ಲಿ ಬಂದ ಹೊಸ ಕಾಯಿದೆ ದಿನಗಳನ್ನು 125ಕ್ಕೆ ಏರಿಸಿದೆ, ಜೊತೆಗೆ ವೆಚ್ಚದ 40% ಭಾಗವನ್ನು ಬಹುತೇಕ ರಾಜ್ಯಗಳ ಮೇಲೆ ಹೊರಿಸಿದೆ.

ಉದ್ದೇಶ ಇಷ್ಟು ಒಳ್ಳೆಯದಿದ್ದರೂ ತೆರಿಗೆಯ ರಚನೆ ಮಾತ್ರ ನ್ಯಾಯವಾಗಿ ಉಳಿದಿಲ್ಲ. ಮಹಾರಾಷ್ಟ್ರದಲ್ಲಿ ಪುರುಷರಿಗೆ ತಿಂಗಳ ಸಂಬಳ 10,000 ದಾಟಿದರೆ ಹನ್ನೊಂದು ತಿಂಗಳು 200, ಫೆಬ್ರುವರಿಯಲ್ಲಿ 300, ಒಟ್ಟು ವರ್ಷಕ್ಕೆ 2,500 ರೂಪಾಯಿ. 15,000 ಸಂಬಳದವರಿಗೆ ಇದು ಆದಾಯದ 1.39% ಆಗುತ್ತದೆ, 3 ಲಕ್ಷ ಸಂಬಳದವರಿಗೆ 0.07% ಮಾತ್ರ. ಮೇಲಿನವರಿಂದ ಹೆಚ್ಚು ಪಡೆಯಲು ರಾಜ್ಯ ಬಯಸಿದರೂ ಆಗದು, ಏಕೆಂದರೆ ಸಂವಿಧಾನದ 276ನೇ ವಿಧಿ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. 1988ರಲ್ಲಿ 250ರಿಂದ 2,500ಕ್ಕೆ ಏರಿದ ಮಿತಿ ಅಂದಿನಿಂದ ಅಲ್ಲಿಯೇ ನಿಂತಿದೆ. ಆದರೆ ಕೆಳಗಿನವರನ್ನು ಬಿಟ್ಟುಬಿಡುವುದು ರಾಜ್ಯದ ಕೈಯಲ್ಲಿದೆ. 2023ರ ಏಪ್ರಿಲ್‌ನಿಂದ ತಿಂಗಳಿಗೆ 25,000ದವರೆಗಿನ ಮಹಿಳೆಯರಿಗೆ ವಿನಾಯಿತಿ ಕೊಟ್ಟದ್ದು ಹಾಗೆಯೇ. ಅದೇ ವಿನಾಯಿತಿಯನ್ನು ಪುರುಷರಿಗೂ ವಿಸ್ತರಿಸದಿರಲು ಒಪ್ಪುವಂಥ ಕಾರಣ ಈ ಲೇಖಕರಿಗೆ ಕಂಡಿಲ್ಲ. ಕರ್ನಾಟಕದಲ್ಲಿ 25,000ಕ್ಕಿಂತ ಕಡಿಮೆ ಸಂಬಳ ಪಡೆಯುವ ಯಾರಿಂದಲೂ ಇದನ್ನು ಹಿಡಿಯುವುದಿಲ್ಲ.

ಪುಣೆಯ ಸಾಫ್ಟ್‌ವೇರ್ ನೌಕರರು ಸಂಬಳಕ್ಕೆ 30% ದರದಲ್ಲಿ ತೆರಿಗೆ ಕಟ್ಟುವಾಗ, ಷೇರಿನಿಂದ ಗಳಿಸುವವರು 12.5% ಮಾತ್ರ ಕಟ್ಟುವುದು ನ್ಯಾಯವೇ?

ಮೊದಲು ಲೆಕ್ಕ ಸರಿಯಾಗಿರಲಿ. 30% ಎಂಬುದು 24 ಲಕ್ಷ ಮೀರಿದ ಭಾಗಕ್ಕೆ ಮಾತ್ರ ತಗಲುವ ದರ. ವರ್ಷಕ್ಕೆ 36 ಲಕ್ಷ ಸಂಬಳದವರು ಸಂಬಳದಾರರಿಗೆಲ್ಲ ಸಿಗುವ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ತೆರಿಗೆಯ ಮೇಲೆ 4% ಸೆಸ್ ಸೇರಿಸಿ ಕಟ್ಟುವುದು 6,63,000 ರೂಪಾಯಿ, ಅಂದರೆ ಸುಮಾರು 18.4%. ಬೇರೆ ಯಾವ ಆದಾಯವೂ ಇಲ್ಲದೆ, ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡಿದ್ದ ಷೇರುಗಳನ್ನು ಮಾರಿ ಅದೇ 36 ಲಕ್ಷ ಲಾಭ ಮಾಡಿದವರು ಸುಮಾರು 4 ಲಕ್ಷ ಕಟ್ಟುತ್ತಾರೆ. ಒಂದೇ ಮೊತ್ತದ ಗಳಿಕೆ, ಎರಡೂವರೆ ಲಕ್ಷಕ್ಕೂ ಮೀರಿದ ಅಂತರ.

ಈ ರಿಯಾಯಿತಿಯ ಪರವಾಗಿ ಹೇಳುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಕಂಪನಿ ತನ್ನ ಲಾಭದ ಮೇಲೆ ಮೊದಲೇ ತೆರಿಗೆ ಕಟ್ಟಿರುತ್ತದೆ, ಹೂಡಿಕೆ ನಷ್ಟಕ್ಕೂ ಗುರಿಯಾಗಬಹುದು, ಲಾಭದ ಒಂದು ಪಾಲು ಬೆಲೆಯೇರಿಕೆಯಿಂದ ಮಾತ್ರ ಬಂದಿರುತ್ತದೆ. ಆದರೂ ಸಮಾನ ಗಳಿಕೆಯವರು ಸಮಾನವಾಗಿ ತೆರಬೇಕೆಂಬುದನ್ನು ಒಪ್ಪಿದ ಮೇಲೆ, ದುಡಿಮೆಯ ಹಣಕ್ಕೆ ಒಂದು ಅಳತೆ, ಬಂಡವಾಳದ ಹಣಕ್ಕೆ ಇನ್ನೊಂದು ಅಳತೆ ಎಂಬುದು ಇಷ್ಟು ದೊಡ್ಡ ಅಂತರಕ್ಕೆ ಸಮರ್ಥನೆಯಾಗದು. ಇನ್ನೊಂದು ಕಡೆ, ಸಂಬಳದ ಆದಾಯ 12.75 ಲಕ್ಷದವರೆಗೆ ಇರುವವರಿಗೆ ಈಗ ಆದಾಯ ತೆರಿಗೆಯೇ ಬೀಳುವುದಿಲ್ಲ ಎಂಬುದನ್ನೂ ನೌಕರರು ನೆನಪಿಡಬೇಕು. ಈ ರಿಯಾಯಿತಿಯನ್ನು ಯಾರೂ ಬಿಟ್ಟಿ ಎಂದು ಕರೆಯುವುದಿಲ್ಲ.

ಹೋಟೆಲ್ ಮಾಲೀಕರು ಕಡಿಮೆ ಆದಾಯ ತೋರಿಸುತ್ತಾರೆ ಎಂಬ ಆರೋಪ ನಿಜವೇ?

ಕಾನೂನೇ ಒಂದು ಸುಲಭ ದಾರಿ ಕೊಟ್ಟಿದೆ. ವಹಿವಾಟು 2 ಕೋಟಿಯೊಳಗಿದ್ದರೆ, ನಗದು ವ್ಯವಹಾರ ತೀರ ಕಡಿಮೆಯಿದ್ದಾಗ 3 ಕೋಟಿಯೊಳಗಿದ್ದರೆ, ಲೆಕ್ಕಪುಸ್ತಕ ಇಡದೆ ವಹಿವಾಟಿನ 8%, ಡಿಜಿಟಲ್ ಪಾವತಿಯ ಭಾಗಕ್ಕೆ 6% ಲಾಭವೆಂದು ಘೋಷಿಸಬಹುದು. ವರ್ಷಕ್ಕೆ 1 ಕೋಟಿ ವಹಿವಾಟಿನ ಹೋಟೆಲಿನವರು 8 ಲಕ್ಷ ಲಾಭ ತೋರಿಸಿದರೆ ಆದಾಯ ತೆರಿಗೆ ಸೊನ್ನೆ. ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸಬೇಕೆಂಬುದೂ ನಿಯಮವೇ. ಆ ಸಾಲನ್ನು ಗಲ್ಲೆಯ ಮೇಲೆ ಕುಳಿತವರಿಗೆ ಓದಿ ಹೇಳುವವರು ಕಡಿಮೆ. ಸಂಬಳದವರ ತೆರಿಗೆ ಮೂಲದಲ್ಲಿಯೇ ಕಡಿತವಾಗುವುದರಿಂದ ಅವರಿಗೆ ಈ ಆಯ್ಕೆ ಇಲ್ಲ, ಅವರ ಅಸಮಾಧಾನಕ್ಕೆ ಕಾರಣವಿದೆ. ಚಿಕ್ಕ ಹೋಟೆಲಿನವರಿಗೆ ಲೆಕ್ಕಪತ್ರದ ವೆಚ್ಚ ಉಳಿಯುವುದೂ ಸುಳ್ಳಲ್ಲ.

ಬಿಲ್ಲಿನ ಬಗ್ಗೆಯೂ ಒಂದು ಮಾತು. ಚಿಕ್ಕ ವ್ಯಾಪಾರಿಗಳಿಗೆ ಜಿಎಸ್‌ಟಿಯನ್ನು ಸರಳಗೊಳಿಸಿದ ಕಾಂಪೊಸಿಷನ್ ಪದ್ಧತಿಯಲ್ಲಿರುವ ಹೋಟೆಲು ತನ್ನ ವಹಿವಾಟಿನ ಮೇಲೆ 5% ತಾನೇ ಕಟ್ಟಬೇಕು, ಗ್ರಾಹಕರ ಬಿಲ್ಲಿಗೆ ಜಿಎಸ್‌ಟಿ ಸೇರಿಸುವಂತಿಲ್ಲ.

ತೆರಿಗೆ ಮಹಾರಾಷ್ಟ್ರದಲ್ಲಿ ಕಟ್ಟುತ್ತೇವೆ. ಇಲ್ಲಿನ ಯೋಜನೆ ಹೊರಗಿನವರೆಂದು ಸಿಗುವುದಿಲ್ಲ, ಊರಿನ ಯೋಜನೆ ಊರಿನಲ್ಲಿಲ್ಲವೆಂದು ಸಿಗುವುದಿಲ್ಲ. ಇದಕ್ಕೆ ಉತ್ತರವೇನು?

ಈ ಪುಟಕ್ಕೆ ಬರುವ ಪ್ರಶ್ನೆಗಳಲ್ಲಿ ಇದೇ ಮುಖ್ಯವಾದುದು. ಜಿಎಸ್‌ಟಿ ಎಂಬುದು ಸರಕು ಅಥವಾ ಸೇವೆ ಬಳಕೆಯಾದ ರಾಜ್ಯಕ್ಕೆ ಸಲ್ಲುವ ತೆರಿಗೆ. ಭಾಂಡುಪಿನಲ್ಲಿ ಕೊಂಡ ಚಪ್ಪಲಿಯ ಮೇಲಿನ ರಾಜ್ಯದ ಪಾಲು ಮಹಾರಾಷ್ಟ್ರಕ್ಕೆ, ವಾಸ್ಕೋದಲ್ಲಿ ಕೊಂಡದ್ದರ ಪಾಲು ಗೋವಾಕ್ಕೆ ಹೋಗುತ್ತದೆ. ಕೊಂಡವರು ಎಲ್ಲಿ ಹುಟ್ಟಿದರು, ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂದು ಯಾರೂ ವಿಚಾರಿಸುವುದಿಲ್ಲ. ರಾಜ್ಯಕ್ಕೆ ಕಾಲಿಟ್ಟ ಮೊದಲ ದಿನವೇ ಎಲ್ಲರೂ ಆ ರಾಜ್ಯದ ತೆರಿಗೆದಾರರಾಗುತ್ತಾರೆ.

ಸೌಲಭ್ಯದ ಬಾಗಿಲಲ್ಲಿ ಮಾತ್ರ ವಿಚಾರಣೆ ಆರಂಭವಾಗುತ್ತದೆ. ಮಹಾರಾಷ್ಟ್ರದ ಮಾಝೀ ಲಾಡಕೀ ಬಹೀಣ ಯೋಜನೆ 2024ರ ಜುಲೈಯಲ್ಲಿ ಆರಂಭವಾದಾಗ, 21ರಿಂದ 65 ವಯಸ್ಸಿನ, ವಾರ್ಷಿಕ ಕುಟುಂಬ ಆದಾಯ 2.5 ಲಕ್ಷದೊಳಗಿನ ಮಹಿಳೆಯರಿಗೆ ತಿಂಗಳಿಗೆ 1,500 ರೂಪಾಯಿ ಎಂದು ಗೊತ್ತುಪಡಿಸಿ, ವಾಸ್ತವ್ಯದ ದಾಖಲೆಯನ್ನು ಕೇಳಿತು. ಅಧಿವಾಸ ಪ್ರಮಾಣಪತ್ರ ಇಲ್ಲದವರು 15 ವರ್ಷ ಹಿಂದಿನ ರೇಷನ್ ಕಾರ್ಡನ್ನೋ ಮತದಾರರ ಚೀಟಿಯನ್ನೋ ಇಲ್ಲಿನ ಜನನ ಪ್ರಮಾಣಪತ್ರವನ್ನೋ ಶಾಲೆ ಬಿಟ್ಟ ಪ್ರಮಾಣಪತ್ರವನ್ನೋ ತೋರಿಸಬೇಕಾಯಿತು. ಗೋವಾದಲ್ಲಿ ವೃದ್ಧರು, ವಿಧವೆಯರು, ಅಂಗವಿಕಲರಿಗೆ ನೆರವಾಗುವ ದಯಾನಂದ ಸಾಮಾಜಿಕ ಸುರಕ್ಷಾ ಯೋಜನೆಗೂ, ಗೃಹಿಣಿಯರಿಗೆ ತಿಂಗಳ ಹಣ ಕೊಡುವ ಗೃಹ ಆಧಾರ ಯೋಜನೆಗೂ 15 ವರ್ಷಗಳ ವಾಸದ ಷರತ್ತಿದೆ. ಝುವಾರಿನಗರದಲ್ಲಿ, ಬೈನಾದಲ್ಲಿ ಬಾಡಿಗೆಯ ಕೋಣೆ ಬದಲಿಸುತ್ತಾ ಬಾಳಿದ ಉತ್ತರ ಕರ್ನಾಟಕದ ಕುಟುಂಬಗಳಿಗೆ ಹದಿನೈದು ವರ್ಷ ಅಲ್ಲಿದ್ದದ್ದು ನಿಜವಾದರೂ ಹದಿನೈದು ವರ್ಷದ ಕಾಗದ ಇರುವುದಿಲ್ಲ. ಅತ್ತ ಕರ್ನಾಟಕದ ಗೃಹಲಕ್ಷ್ಮಿಯ 2,000 ರೂಪಾಯಿ, ಆ ರಾಜ್ಯದ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿಯೆಂದು ನಮೂದಾದವರಿಗೆ ಸಲ್ಲುತ್ತದೆ. ಸಂಸಾರ ಸಮೇತ ಇಲ್ಲಿಗೆ ಬಂದು ಹೆಸರು ತೆಗೆಸಿದವರಿಗೆ ಅದೂ ಇಲ್ಲ.

ರಾಜ್ಯ ಸರ್ಕಾರಗಳ ಪರವಾಗಿ ಹೇಳಬೇಕಾದುದೂ ಇದೆ. ಯಾವ ಷರತ್ತೂ ಇಲ್ಲದಿದ್ದರೆ ಒಬ್ಬರೇ ಎರಡೂ ಕಡೆ ಪಡೆಯುವ ಸಾಧ್ಯತೆ ಇದೆ, ರಾಜ್ಯದ ಬಜೆಟ್ಟಿಗೂ ಒಂದು ಎಲ್ಲೆ ಬೇಕು. ಎರಡು ಕಡೆ ಪಡೆಯುವುದನ್ನು ತಡೆಯಲು ಆಧಾರ್ ಜೋಡಣೆಯೇ ಸಾಕಾಗುವ ಈ ಕಾಲದಲ್ಲಿ ಹದಿನೈದು ವರ್ಷದ ಕಾಯುವಿಕೆ ಅನಗತ್ಯ. ಒಂದೆರಡು ವರ್ಷದ ವಾಸ ಸಮಂಜಸವಾಗುತ್ತಿತ್ತು. ತೆರಿಗೆ ಮೊದಲ ದಿನದಿಂದ, ಆಸರೆ ಹದಿನಾರನೇ ವರ್ಷದಿಂದ ಎಂಬ ಲೆಕ್ಕವನ್ನು ನ್ಯಾಯವೆನ್ನಲಾಗದು.

ಊರಿನ ರೇಷನ್ ಕಾರ್ಡಿಗೆ ಇಲ್ಲಿ ಧಾನ್ಯ ಸಿಗುತ್ತದೆಯೇ?

ಸಿಗುತ್ತದೆ. ಕರ್ನಾಟಕ, ಮಹಾರಾಷ್ಟ್ರ, ಗೋವಾ ಮೂರೂ 2020ರ ಜನವರಿಯಿಂದ ‘ಒಂದು ದೇಶ, ಒಂದು ರೇಷನ್ ಕಾರ್ಡ್’ ವ್ಯವಸ್ಥೆಯಲ್ಲಿವೆ. 2013ರ ಆಹಾರ ಭದ್ರತಾ ಕಾಯಿದೆಯಡಿ ಬರುವ, ಆಧಾರ್ ಜೋಡಣೆಯಾದ ಕಾರ್ಡಿನ ಸಂಖ್ಯೆಯನ್ನು ಹೇಳಿ ಹೆಬ್ಬೆಟ್ಟು ಒತ್ತಿದರೆ, ತಲಾ 5 ಕಿಲೋ ಧಾನ್ಯ ಉಚಿತವಾಗಿ ಸಿಗಬೇಕು. ದುಡಿಯಲು ಬಂದವರು ತಮ್ಮ ಪಾಲನ್ನು ಇಲ್ಲಿಯೂ, ಊರಿನಲ್ಲಿರುವವರು ಉಳಿದ ಪಾಲನ್ನು ಅಲ್ಲಿಯೂ ಪಡೆಯಬಹುದು. ಅನ್ನಭಾಗ್ಯದಲ್ಲಿ ಕರ್ನಾಟಕ ಸರ್ಕಾರ ತಾನಾಗಿ ಸೇರಿಸುವ ಭಾಗ ಮಾತ್ರ ಗಡಿ ದಾಟುವುದಿಲ್ಲ. ‘ಇದು ಹೊರಗಿನ ಕಾರ್ಡು’ ಎಂದು ಅಂಗಡಿಯವರು ಹಿಂದಕ್ಕೆ ಕಳಿಸಿದರೆ 1967 ಅಥವಾ 14445 ಸಹಾಯವಾಣಿಗೆ ದೂರು ಕೊಡಬಹುದು.

ಆಯುಷ್ಮಾನ್ ಭಾರತದ ಕೇಂದ್ರ ಪಟ್ಟಿಯಲ್ಲಿರುವ ಕುಟುಂಬಗಳಿಗೂ ಯೋಜನೆಗೆ ಸೇರಿದ ಯಾವ ರಾಜ್ಯದ ಆಸ್ಪತ್ರೆಯಲ್ಲಾದರೂ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಸಲ್ಲುತ್ತದೆ. ಆಸರೆಯನ್ನು ಜನರ ಜೊತೆಗೇ ಸಾಗುವಂತೆ ಮಾಡಬಹುದು ಎಂಬುದನ್ನು ಇವೆರಡೂ ತೋರಿಸಿಕೊಟ್ಟಿವೆ.

ಪುಣೆಯಲ್ಲಿ ಕಟ್ಟಡ ಕೆಲಸ ಮಾಡುವ ಯಾದಗಿರಿ, ಕಲಬುರಗಿಯ ಕಾರ್ಮಿಕರ ಹೆಸರಿನಲ್ಲಿ ಬಿಲ್ಡರುಗಳಿಂದ ಸೆಸ್ ವಸೂಲಾಗುತ್ತದಂತೆ. ಅದು ಅವರಿಗೆ ತಲುಪುತ್ತದೆಯೇ?

1996ರಲ್ಲಿ ಬಂದ ಏರ್ಪಾಡಿನ ಪ್ರಕಾರ ಕಟ್ಟಡ ನಿರ್ಮಾಣ ವೆಚ್ಚದ 1% ಸೆಸ್ ಕಾರ್ಮಿಕ ಕಲ್ಯಾಣ ಮಂಡಳಿಗೆ ಸಲ್ಲಬೇಕು. ಜಾಗದ ಬೆಲೆ ಇದರಲ್ಲಿ ಸೇರುವುದಿಲ್ಲ. ನಿರ್ಮಾಣಕ್ಕೆ 50 ಕೋಟಿ ತಗಲುವ ಸಮುಚ್ಚಯವೊಂದರಿಂದ 50 ಲಕ್ಷ ಬರುತ್ತದೆ. ವಾಕಡ, ಹಿಂಜವಡಿ, ಖರಾಡಿಗಳಲ್ಲಿ ಎದ್ದಿರುವ ಗೋಪುರಗಳನ್ನು ನೋಡಿದರೆ ಈ ನಿಧಿ ಎಷ್ಟು ಬೆಳೆದಿರಬಹುದೆಂದು ಯಾರಾದರೂ ಊಹಿಸಬಹುದು.

ವಸೂಲಿ ಕಟ್ಟಡದಿಂದ ನಡೆಯುತ್ತದೆ, ವಿತರಣೆ ನೋಂದಣಿಯಿಂದ ನಡೆಯುತ್ತದೆ. ತೊಡಕು ಇರುವುದು ಈ ಎರಡರ ನಡುವೆ. 18ರಿಂದ 60 ವಯಸ್ಸಿನವರು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಒದಗಿಸಬೇಕು. ಆ ತೊಂಬತ್ತು ದಿನದಲ್ಲಿ ಕಾರ್ಮಿಕರು ಮೂರು ಕಡೆ, ಮೂವರು ಮುಕಾದಮರ (ಕೂಲಿ ಮೇಸ್ತ್ರಿಗಳ) ಕೈಕೆಳಗೆ ದುಡಿದಿರುತ್ತಾರೆ, ಸಹಿ ಹಾಕಿದರೆ ತಮ್ಮ ಹೊಣೆ ಹೆಚ್ಚುತ್ತದೆಂದು ಮೂವರೂ ಹಿಂಜರಿಯುತ್ತಾರೆ. ಕರ್ನಾಟಕದ ಮಂಡಳಿಯಲ್ಲಿ ಹೆಸರಿದ್ದರೂ ಅದು ಇಲ್ಲಿ ತಾನಾಗಿಯೇ ಸಲ್ಲುವುದಿಲ್ಲ. ಸೆಸ್ ಹಣ ಸಾವಿರಾರು ಕೋಟಿಗಳಷ್ಟು ಬಳಕೆಯಾಗದೆ ಬಿದ್ದಿರುವುದನ್ನು 2018ರಲ್ಲಿ ಸುಪ್ರೀಂ ಕೋರ್ಟು ಕಟುವಾಗಿ ಟೀಕಿಸಿತು. 2020ರ ಲಾಕ್‌ಡೌನಿನಲ್ಲಿ ಈ ನಿಧಿಯಿಂದ ಕಾರ್ಮಿಕರ ಖಾತೆಗೆ ಹಣ ಹಾಕುವಂತೆ ಕೇಂದ್ರ ಸರ್ಕಾರ ರಾಜ್ಯಗಳಿಗೆ ಸೂಚಿಸಿದಾಗ, ನೋಂದಣಿ ಇದ್ದವರಿಗೆ ಮಾತ್ರ ಅದು ದೊರೆಯಿತು. ಉಳಿದವರು ಮಕ್ಕಳನ್ನು ಹೊತ್ತು ಸೊಲ್ಲಾಪುರದ ಹಾದಿ ಹಿಡಿದರು.

ನ್ಯಾಯವಾದ ತೆರಿಗೆ ಅನ್ಯಾಯದ ಆಸರೆಯೊಂದಿಗೆ ಜೊತೆಯಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಬಿಲ್ಡರು ಕೊಡಬೇಕಾದುದನ್ನು ಕೊಟ್ಟರು, ಸರ್ಕಾರ ಪಡೆಯಬೇಕಾದುದನ್ನು ಪಡೆಯಿತು, ಯಾರ ಹೆಸರಿನಲ್ಲಿ ಇದೆಲ್ಲ ನಡೆಯಿತೋ ಅವರು ಪಟ್ಟಿಯಲ್ಲಿರಲಿಲ್ಲ. ಸೆಸ್ ಕಟ್ಟುವಾಗಲೇ ಆ ಕಟ್ಟಡದಲ್ಲಿ ದುಡಿಯುವವರ ಹಾಜರಿಯನ್ನೂ ಸಲ್ಲಿಸಬೇಕೆಂದು ಕಡ್ಡಾಯ ಮಾಡಿದರೆ ಪ್ರಮಾಣಪತ್ರಕ್ಕಾಗಿ ಅಲೆಯುವ ಅಗತ್ಯವೇ ಬೀಳದು.

ಚಿಕ್ಕ ಹೋಟೆಲುಗಳಲ್ಲಿ ಇಎಸ್‌ಐ, ಪಿಎಫ್ ಏಕೆ ಇರುವುದಿಲ್ಲ?

ಕಾರ್ಮಿಕರ ವಿಮೆಯಾದ ಇಎಸ್‌ಐಗೆ ಸಾಮಾನ್ಯವಾಗಿ 10, ಭವಿಷ್ಯ ನಿಧಿಯಾದ ಪಿಎಫ್‌ಗೆ 20 ಜನ ಕೆಲಸಗಾರರಿರಬೇಕು. ಪಟ್ಟಿಯಲ್ಲಿ 9 ಜನ, ಅಡುಗೆಮನೆಯಲ್ಲಿ 14 ಜನ ಇರುವ ಹೋಟೆಲುಗಳನ್ನು ನೋಡದವರು ಮುಂಬಯಿಯಲ್ಲಿ ಇರಲಾರರು. ಆದರೆ ವೆಚ್ಚ ಭಯಪಡುವಷ್ಟಿಲ್ಲ. 15,000 ಪಗಾರಕ್ಕೆ ಇಎಸ್‌ಐಗೆ ಕೆಲಸಗಾರರ ಪಾಲು 112.50, ಮಾಲೀಕರ ಪಾಲು 487.50 ರೂಪಾಯಿ. ಇಷ್ಟಕ್ಕೆ ಮುಲುಂಡ್, ಕಾಂದಿವಲಿಗಳಲ್ಲಿರುವಂಥ ಇಎಸ್‌ಐ ಆಸ್ಪತ್ರೆಗಳ ಚಿಕಿತ್ಸೆ ಕುಟುಂಬಕ್ಕೆಲ್ಲ ಸಿಗುತ್ತದೆ, ಕಾಯಿಲೆಯ ದಿನಗಳಿಗೆ ಪಗಾರದ ಒಂದು ಪಾಲೂ ದೊರೆಯುತ್ತದೆ. ಪಿಎಫ್‌ನ 12% ಭಾರವೆನ್ನಿಸುವುದು ನಿಜ.

ಮಾಲೀಕರು ಹಲವರು, ಕೆಲಸ ಚದುರಿದ್ದು ಎಂಬ ಕಾರಣಕ್ಕೆ ಭದ್ರತೆ ಅಸಾಧ್ಯ ಎನ್ನುವವರಿಗೆ ಇದೇ ರಾಜ್ಯ 1969ರಲ್ಲಿ ಉತ್ತರ ಕೊಟ್ಟಿದೆ. ಆ ವರ್ಷದ ಮಾಥಾಡಿ ಕಾಯಿದೆಯಡಿ, ಮಾರುಕಟ್ಟೆಯಲ್ಲಿ ಮೂಟೆ ಹೊರುವವರ ಕೂಲಿಯನ್ನೂ ಅದರ ಮೇಲೊಂದು ಲೆವಿಯನ್ನೂ ವ್ಯಾಪಾರಿಗಳು ಮಂಡಳಿಗೆ ಕಟ್ಟುತ್ತಾರೆ. ಮಂಡಳಿ ಕೂಲಿಯ ಜೊತೆಗೆ ಪಿಎಫ್, ಗ್ರಾಚ್ಯುಟಿ, ಬೋನಸ್, ರಜೆಯ ಸಂಬಳಗಳನ್ನು ನೋಡಿಕೊಳ್ಳುತ್ತದೆ. ಬೆಳಿಗ್ಗೆ ಒಬ್ಬರ, ಮಧ್ಯಾಹ್ನ ಇನ್ನೊಬ್ಬರ ಮೂಟೆ ಹೊತ್ತರೂ ಖಾತೆ ಒಂದೇ. ಹೋಟೆಲ್ ಕೆಲಸಗಾರರಿಗೂ ಇಂಥದೇ ಮಂಡಳಿ ಏಕಿರಬಾರದೆಂದು ನಮ್ಮ ಹೋಟೆಲ್ ಮಾಲೀಕರ ಸಭೆಗಳಲ್ಲಿ ಯಾರಾದರೂ ಕೇಳಬೇಕು.

ನಾವು ಕಟ್ಟಿದ ತೆರಿಗೆಯನ್ನು ಬಿಟ್ಟಿ ಭಾಗ್ಯಗಳಿಗೆ ಸುರಿಯುತ್ತಾರೆ. ಇದನ್ನು ಒಪ್ಪಬೇಕೇ?

ಎಲ್ಲವನ್ನೂ ಒಪ್ಪಬೇಕಿಲ್ಲ. ಆಸ್ಪತ್ರೆಯ ಹುದ್ದೆಗಳನ್ನು ಖಾಲಿ ಬಿಟ್ಟು ಚುನಾವಣೆಯ ಮುನ್ನ ಖಾತೆಗೆ ಹಣ ಹಾಕುವ ಸರ್ಕಾರವನ್ನು ಪ್ರಶ್ನಿಸುವುದು ತೆರಿಗೆದಾರರ ಹಕ್ಕು. ಲಾಡಕೀ ಬಹೀಣ ಯೋಜನೆಯಲ್ಲಿ ಸರ್ಕಾರಿ ನೌಕರರೂ ಹಣ ಪಡೆದಿದ್ದುದು 2025ರ ಪರಿಶೀಲನೆಯಲ್ಲಿ ಹೊರಬಂದಾಗ ಸಿಟ್ಟು ಬಂದದ್ದು ಸಹಜವೇ.

ಆದರೆ ‘ನಾವು’ ಮತ್ತು ‘ಅವರು’ ಎಂಬ ವಿಂಗಡಣೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ಪಡೆಯುವವರೂ ಕೊಡುತ್ತಾರೆಂಬುದನ್ನು ಮೊದಲ ಉತ್ತರದಲ್ಲಿಯೇ ನೋಡಿದೆವು. ಕೊಡುವವರೂ ಪಡೆಯುತ್ತಾರೆ: ಪಿಎಫ್ ಬಡ್ಡಿಗೆ ವಿನಾಯಿತಿ, ಹಳೆಯ ಪದ್ಧತಿಯಲ್ಲಿ ಗೃಹಸಾಲದ ಬಡ್ಡಿಗೆ ಕಡಿತ, ಮುಂಬಯಿ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ 500 ಚದರಡಿಯವರೆಗಿನ ಮನೆಗಳಿಗೆ 2022ರಿಂದ ಆಸ್ತಿ ತೆರಿಗೆ ಮಾಫಿ. ಬೇರೆ ರಿಯಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ 2019ರ ಸೆಪ್ಟೆಂಬರಿನಲ್ಲಿ ತೆರಿಗೆ ದರವನ್ನು 22%ಕ್ಕೆ ಇಳಿಸಲಾಯಿತು. ಇಂಥ ರಿಯಾಯಿತಿಗಳಿಂದ ಬಿಟ್ಟುಕೊಟ್ಟ ಆದಾಯದ ವಿವರಣೆಯನ್ನು ಕೇಂದ್ರ ಸರ್ಕಾರವೇ 2006-07ರಿಂದ ಬಜೆಟ್ಟಿನೊಂದಿಗೆ ಪ್ರಕಟಿಸುತ್ತ ಬಂದಿದೆ. ವಸೂಲು ಮಾಡದೆ ಬಿಟ್ಟ ಹಣಕ್ಕೂ ಬೊಕ್ಕಸದಿಂದ ತೆಗೆದು ಕೊಟ್ಟ ಹಣಕ್ಕೂ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಕಣ್ಣಿಗೆ ಬೀಳುವುದರಲ್ಲಿ: ಒಂದಕ್ಕೆ ಸಾಲಿನಲ್ಲಿ ನಿಲ್ಲಬೇಕು, ಇನ್ನೊಂದು ರಿಟರ್ನಿನ ಒಂದು ಕಲಮಿನಲ್ಲಿ ಮುಗಿಯುತ್ತದೆ.

ಅರ್ಹರನ್ನು ಮಾತ್ರ ಆರಿಸಿ ಕೊಡಿ ಎಂಬ ಬೇಡಿಕೆ ಕೇಳಲು ಸರಿಯಾಗಿದೆ. ಆರಿಸುವಾಗ ಎರಡು ಬಗೆಯ ತಪ್ಪುಗಳಾಗುತ್ತವೆ, ಬೇಡದವರು ಒಳಗೆ ಬರುವುದು ಮತ್ತು ಬೇಕಾದವರು ಹೊರಗೆ ಉಳಿಯುವುದು. ಮೊದಲನೆಯದು ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ, ಎರಡನೆಯದಕ್ಕೆ ಸಾಕ್ಷಿಯೇ ಇರುವುದಿಲ್ಲ. ದಾಖಲೆ ಕೇಳಿದಷ್ಟೂ ಎರಡನೆಯ ತಪ್ಪು ಬೆಳೆಯುತ್ತದೆ, ಅದರ ಪೆಟ್ಟು ವಲಸೆ ಬಂದವರಿಗೆ ಮೊದಲು ಬೀಳುತ್ತದೆ. ಕರ್ನಾಟಕದ ಶಕ್ತಿ ಯೋಜನೆ ಆದಾಯ ಕೇಳದೆ ರಾಜ್ಯದ ಎಲ್ಲ ಮಹಿಳೆಯರಿಗೂ ಬಸ್ಸು ಹತ್ತಲು ಬಿಟ್ಟದ್ದರಲ್ಲಿ ವ್ಯರ್ಥ ಖರ್ಚು ಸ್ವಲ್ಪ ಇರಬಹುದು, ಆದರೆ ಪ್ರಮಾಣಪತ್ರಕ್ಕಾಗಿ ತಹಶೀಲ್ದಾರರ ಕಚೇರಿಗೆ ಯಾರೂ ಎಡತಾಕಬೇಕಾಗಿಲ್ಲ.

ನಮ್ಮ ಸಮಾಜದ ಸಂಘಗಳೇ ವಿದ್ಯಾರ್ಥಿವೇತನ, ವೈದ್ಯಕೀಯ ನೆರವು ಕೊಡುವಾಗ ಸರ್ಕಾರದ ಆಸರೆ ಏಕೆ ಬೇಕು?

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಒಂದು ಇಡೀ ತಲೆಮಾರು ಸಂಘಗಳ ಋಣದಲ್ಲಿದೆ. ಸರ್ಕಾರದ ಹೆಸರೇ ಕೇಳಿಬರದ ಕಾಲದಲ್ಲಿ ಕರಾವಳಿಯ ಜನರಿಗೆ ಈ ನಗರದಲ್ಲಿ ನೆಲೆ ಒದಗಿಸಿದ್ದು ಅವೇ. ಆದರೆ ಸಂಘ ನೆರವಾಗುವುದು ತನ್ನವರಿಗೆ. ಅನುಕೂಲಸ್ಥರು ಹೆಚ್ಚಿರುವ ಸಮಾಜದ ಸಂಘ ಬಲವಾಗಿರುತ್ತದೆ, ಎಲ್ಲರೂ ಕೂಲಿಯವರೇ ಆಗಿರುವ ಸಮಾಜಕ್ಕೆ ಸಂಘ ಕಟ್ಟಲು ಬಿಡುವೂ ಇಲ್ಲ, ಹಣವೂ ಇಲ್ಲ. ಪುಣೆಯ ಲೇಬರ್ ಕ್ಯಾಂಪಿನಲ್ಲಿರುವ ಯಾದಗಿರಿಯ ಕುಟುಂಬ ಯಾವ ಸಭಾಭವನದ ಬಾಗಿಲು ತಟ್ಟಬೇಕು? ಕೊಟ್ಟರೆ ಉಪಕಾರ, ಕೊಡದಿದ್ದರೆ ಕೇಳುವಂತಿಲ್ಲ ಎಂಬುದು ದಾನದ ಮಿತಿ. ಹಳೆಯ ಪದ್ಧತಿಯಲ್ಲಿ ದೇಣಿಗೆಗೆ ತೆರಿಗೆ ಕಡಿತ ಪಡೆದವರ ದಾನದಲ್ಲಿ ಸರ್ಕಾರದ ಪಾಲೂ ಇರುತ್ತದೆ ಎಂಬುದನ್ನು ಫಲಕಗಳಲ್ಲಿ ಯಾರೂ ಕೆತ್ತಿಸುವುದಿಲ್ಲ.

ಕರ್ನಾಟಕ, ಮಹಾರಾಷ್ಟ್ರಗಳ ತೆರಿಗೆ ಬೇರೆ ರಾಜ್ಯಗಳಿಗೆ ಹೋಗುವುದು ನ್ಯಾಯವೇ?

ಹಂಚಿಕೆ ತತ್ತ್ವದಲ್ಲಿ ನ್ಯಾಯವೇ, ಪ್ರಮಾಣದ ಬಗ್ಗೆ ಜಗಳಕ್ಕೆ ಕಾರಣವಿದೆ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಗೊತ್ತುಪಡಿಸುವ ಹಣಕಾಸು ಆಯೋಗಗಳಲ್ಲಿ ಹದಿನೈದನೆಯದು, 2021-26ರ ಅವಧಿಗೆ ರಾಜ್ಯಗಳಿಗೆ ಹಂಚುವ ಹಣದಲ್ಲಿ ಕರ್ನಾಟಕದ ಪಾಲನ್ನು 4.713%ರಿಂದ 3.647%ಕ್ಕೆ ಇಳಿಸಿತು, ಮಹಾರಾಷ್ಟ್ರಕ್ಕೆ 6.317% ಕೊಟ್ಟಿತು. ಕೇಂದ್ರ ವಿಧಿಸುವ ಸೆಸ್ ಮತ್ತು ಸರ್‌ಚಾರ್ಜ್‌ಗಳು ಈ ಹಂಚಿಕೆಗೇ ಬರುವುದಿಲ್ಲ ಎಂಬ ದೂರು ಇನ್ನೂ ಗಟ್ಟಿಯಾದುದು. ಹಾಗೆಂದು ‘ಮುಂಬಯಿಯ ತೆರಿಗೆ ಮುಂಬಯಿಗೆ’ ಎನ್ನುವವರು, ದೇಶದೆಲ್ಲೆಡೆ ಗಳಿಸಿದ ಲಾಭದ ತೆರಿಗೆಯನ್ನು ಕಂಪನಿಗಳು ತಮ್ಮ ಮುಖ್ಯ ಕಚೇರಿ ಇರುವ ಮುಂಬಯಿಯಲ್ಲಿ ಕಟ್ಟುತ್ತವೆ ಎಂಬುದನ್ನು ಮರೆಯುತ್ತಾರೆ. ನಮ್ಮ ಊರುಗಳಲ್ಲಿ ಮಾರಾಟವಾದ ಸೋಪಿನ ಲಾಭವೂ ಅದರಲ್ಲಿ ಸೇರಿರುತ್ತದೆ.

ಆಗರ್ಭ ಶ್ರೀಮಂತರ ಆಸ್ತಿಗೆ ತೆರಿಗೆ ಇಲ್ಲವೇ?

ಪಿತ್ರಾರ್ಜಿತ ಆಸ್ತಿಯ ಮೇಲಿನ ತೆರಿಗೆ 1953ರಿಂದ 1985ರವರೆಗೆ ಇತ್ತು, ಸಂಪತ್ತು ತೆರಿಗೆಯನ್ನು 2015ರಲ್ಲಿ ರದ್ದುಪಡಿಸಲಾಯಿತು. ವಸೂಲಿಯ ಖರ್ಚಿಗೆ ಹೋಲಿಸಿದರೆ ಆದಾಯ ಅಲ್ಪ ಎಂಬುದು ಎರಡಕ್ಕೂ ಕೊಟ್ಟ ಕಾರಣ. ಆಗ ಆಸ್ತಿಯ ದಾಖಲೆಗಳು ಕಾಗದದಲ್ಲಿದ್ದವು, ಈಗ ಷೇರು, ಮ್ಯೂಚುವಲ್ ಫಂಡ್, ನಿವೇಶನಗಳೆಲ್ಲ ಪಾನ್ ಸಂಖ್ಯೆಗೆ ಅಂಟಿಕೊಂಡಿವೆ. ಹಳೆಯ ಕಾರಣ ಇಂದಿಗೂ ಉಳಿದಿದೆಯೇ ಎಂದು ಮರುವಿಚಾರ ಮಾಡಬೇಕು.

ಮೂವತ್ತು ವರ್ಷ ಹೋಟೆಲಿನಲ್ಲಿ ದುಡಿದು ಊರಿಗೆ ಮರಳಿದವರಿಗೆ ಏನು ಸಿಗುತ್ತದೆ?

ಪಿಎಫ್ ಇದ್ದು, ಪಿಂಚಣಿ ಯೋಜನೆಯಲ್ಲಿ 10 ವರ್ಷ ಪೂರೈಸಿದ್ದರೆ 58ನೇ ವಯಸ್ಸಿನಿಂದ ಪಿಂಚಣಿ ದೊರೆಯುತ್ತದೆ. ಹೋಟೆಲಿನಿಂದ ಹೋಟೆಲಿಗೆ ಹೋದಾಗ ಹೊಸ ಖಾತೆ ತೆರೆಯದೆ ಪಿಎಫ್ ಸದಸ್ಯರ ಗುರುತಾದ ಒಂದೇ ಯುಎಎನ್ ಸಂಖ್ಯೆಗೆ ಎಲ್ಲವನ್ನೂ ಜೋಡಿಸಿಕೊಂಡಿರಬೇಕು, ಇಲ್ಲವಾದರೆ ಆ ಹತ್ತು ವರ್ಷ ಕಾಗದದ ಮೇಲೆ ಕೂಡಿಬರುವುದಿಲ್ಲ. ಕನಿಷ್ಠ ಪಿಂಚಣಿ 2014ರಿಂದ ತಿಂಗಳಿಗೆ 1,000 ರೂಪಾಯಿ. ಪಿಎಫ್ ಇಲ್ಲದವರಿಗೆ ಉಳಿದದ್ದು, ಬಡತನದ ಷರತ್ತಿಗೆ ಒಳಪಟ್ಟ ವೃದ್ಧಾಪ್ಯ ವೇತನ. ಅದರಲ್ಲಿ ಹೆಚ್ಚಿನ ಭಾಗವನ್ನು ಈಗ ರಾಜ್ಯ ಸರ್ಕಾರಗಳೇ ತುಂಬುತ್ತವೆ, ಏಕೆಂದರೆ 60ರಿಂದ 79 ವಯಸ್ಸಿನವರಿಗೆ ಕೇಂದ್ರದ ಪಾಲು 2007ರಲ್ಲಿ ಎಷ್ಟಿತ್ತೋ ಇಂದಿಗೂ ಅಷ್ಟೇ, ತಿಂಗಳಿಗೆ 200 ರೂಪಾಯಿ. ಬೆಲೆಯೇರಿಕೆಗೆ ತಕ್ಕಂತೆ ಮೊತ್ತವನ್ನು ತಾನಾಗಿ ಏರಿಸುವ ವಿಧಾನ ಸರ್ಕಾರಕ್ಕೆ ತಿಳಿಯದೇನಲ್ಲ. 2018ರ ಹಣಕಾಸು ಕಾಯಿದೆ ಸಂಸತ್ ಸದಸ್ಯರ ಸಂಬಳವನ್ನು ಬೆಲೆಯೇರಿಕೆಯ ಸೂಚ್ಯಂಕಕ್ಕೆ ಜೋಡಿಸಿತು, ಅದರಂತೆ 2025ರ ಮಾರ್ಚಿನಲ್ಲಿ ಆ ಸಂಬಳ 1 ಲಕ್ಷದಿಂದ 1.24 ಲಕ್ಷಕ್ಕೆ ಏರಿತು, 2023ರ ಏಪ್ರಿಲ್‌ನಿಂದ ಬಾಕಿ ಸಮೇತ.